ಚೌಡವ್ವ ಬಿಟ್ಟುಹೋದ ಚಹಾ

ನನ್ನ ಮಗಳು ಅನ್ನಪೂರ್ಣ ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಾಳೆ. ವಿಷಯ ಏನೆಂದರೆ, ಜಗತ್ತಿನಲ್ಲಿ ಕಂಪನಿಗಳು ಯಾಕಿವೆ ಎಂಬುದು. ಇದಕ್ಕೂ ವರ್ಷಗಟ್ಟಲೆ ಓದಬೇಕೇ ಎಂದು ಮೊದಲು ನಾನೂ ನಕ್ಕವಳೇ. ಕೂಲಿ ಕೊಟ್ಟರೆ ಪೇಟೆಯಲ್ಲಿ ಎಲ್ಲದಕ್ಕೂ ಆಳು ಸಿಗುವಾಗ ಜನ ಒಂದೇ ಸೂರಿನಡಿ ಕೂಡಿ ಯಾಕೆ ದುಡಿಯುತ್ತಾರೆ, ಯಾವ ಕೆಲಸ ಒಳಗಿರಬೇಕು, ಯಾವುದನ್ನು ಹೊರಗೆ ಕೊಡಬೇಕು ಎಂದು ದೊಡ್ಡ ದೊಡ್ಡವರೇ ತಲೆ ಕೆಡಿಸಿಕೊಂಡಿದ್ದಾರಂತೆ. ಅದಕ್ಕೆ ಉತ್ತರ ಹುಡುಕಲು ಈಕೆ ಗಜೇಂದ್ರಗಡದ ನಮ್ಮ ನೇಕಾರರ ಓಣಿಯನ್ನೇ ಹಿಡಿದಿದ್ದಳು.

ಅವಳು ಬರೆದುಕೊಟ್ಟ ವಿಷಯವನ್ನು ಯೂನಿವರ್ಸಿಟಿಯ ಕಮಿಟಿಯವರು ಒಮ್ಮೆ ಬೇಡವೆಂದು ವಾಪಸು ಕಳಿಸಿದ್ದರು. ಸೋಮವಾರ ಮಧ್ಯಾಹ್ನ ಧಾರವಾಡದಲ್ಲಿ ಅವರ ಮುಂದೆ ಕೊನೆಯ ಅವಕಾಶ. ಅದೇ ಸೋಮವಾರ ನಮ್ಮ ಮಗ್ಗಕ್ಕೆ ಕೊಂಡಿ ಹಾಕುವುದು ಬಂತು. ಸೀರೆಯ ಮೈ ಹಾಸಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆ ಎಳೆಯನ್ನು ಕುಣಿಕೆ ಮಾಡಿ ಜೋಡಿಸಬೇಕು, ಅದೇ ಕೊಂಡಿ. ಸೂಡಿ ಊರಿನ ಮದುವಣಗಿತ್ತಿಗೆ ಒಪ್ಪಿಕೊಂಡ ಸೀರೆ, ಮುಂದೆ ಹಾಕುವಂತಿರಲಿಲ್ಲ.

ಕೊಂಡಿಯನ್ನು ನಮ್ಮಲ್ಲಿ ಯಾರೂ ಒಬ್ಬರೇ ಹಾಕುವುದಿಲ್ಲ. ಯಾರ ಮನೆಯಲ್ಲಿದ್ದರೂ ಓಣಿಯ ಹೆಂಗಸರು ಬಂದು ಕೂಡುತ್ತಾರೆ. ಚಹಾ, ಚುರುಮುರಿ, ಒಂದಿಷ್ಟು ಚಾಡಿ, ಮುಗಿಯಿತು. ಆದರೆ ಕಣ್ಣಿನ ಆಪರೇಷನ್ ಆದಮೇಲೆ ನಾನು ಕೊಂಡಿಗೆ ಯಾರ ಮನೆಗೂ ಹೋಗಿರಲಿಲ್ಲ. ನಾವು ಹೋಗದೆ ಅವರನ್ನು ಹೇಗೆ ಕರೆಯುವುದು ಎಂದು ಮಗಳ ಮನಸ್ಸಿಗೆ ಚುಚ್ಚಿತ್ತು. ನನಗೂ ಹೇಳದೆ ಬೇರೆ ಓಣಿಯ ಹೆಂಗಸೊಬ್ಬಳಿಗೆ ಕೂಲಿ ಗೊತ್ತು ಮಾಡಿಬಿಟ್ಟಳು.

ರವಿವಾರ ಸಂಜೆ ಪಕ್ಕದ ಮನೆಯ ಚೌಡವ್ವ ಬಂದಳು.

“ನಾಳೆ ಎಷ್ಟೊತ್ತಿಗೆ ಬರ್ಲಿ?”

“ಚಿಗವ್ವಾ, ನಿಮಗ ತ್ರಾಸ ಬ್ಯಾಡ. ಕೂಲಿ ಆಳ ಹೇಳೇನಿ,” ಅಂದಳು ನಮ್ಮ ಪಂಡಿತೆ, ನಗುನಗುತ್ತಲೇ.

ಚೌಡವ್ವ “ಹಂಗಾ” ಅಂದಳು. ಕೈಯಲ್ಲಿದ್ದ ಚಹಾವನ್ನು ಹಾಗೇ ಕೆಳಗಿಟ್ಟು ಎದ್ದು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಓಣಿಯಲ್ಲಿ ಚಹಾ ಬಿಟ್ಟು ಹೋಗುವುದೆಂದರೆ ಜಗಳಕ್ಕಿಂತ ದೊಡ್ಡದು.

ಬೆಳಿಗ್ಗೆ ಕೂಲಿಯಾಕೆ ಬಂದಳು. ಖಾಲಿ ಪಡಸಾಲೆ ನೋಡಿ ಬಾಗಿಲಲ್ಲೇ ನಿಂತಳು.

“ಓಣ್ಯಾಗ ಯಾರೂ ಬಂದಿಲ್ಲಲ್ರಿ? ಬಾಜೂ ಮನಿ ಮಂದಿನ್ನ ಬಿಟ್ಟು ನಾ ಕುಂತರ ನಾಳೆ ನನಗ ಮಾತ ಬರ್ತೈತಿ. ಒಲ್ಲೆ,” ಎಂದು ತಿರುಗಿ ನಡೆದಳು.

ಅನ್ನಪೂರ್ಣ ಬ್ಯಾಗು ಇಳಿಸಿ ಮಗ್ಗದ ಮುಂದೆ ಕುಳಿತಳು. “ನಾ ಹೋಗಂಗಿಲ್ಲ, ಯವ್ವಾ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಗಳ ಮೇಲೆ, ಕಮಿಟಿಯ ಮೇಲೆ, ನನ್ನ ಕಣ್ಣಿನ ಮೇಲೆ. ಕರಿ ಕನ್ನಡಕ ಏರಿಸಿಕೊಂಡು, ಗೋಡೆ ಹಿಡಿದುಕೊಂಡು ಚೌಡವ್ವನ ಬಾಗಿಲಿಗೆ ಹೋದೆ.

“ಚೌಡವ್ವಾ, ಬಾರವ್ವ. ಹುಡುಗಿಗೆ ತಿಳೀಲಿಲ್ಲ.”

ಆಕೆ ಆಗಲೇ ಸೀರೆ ಎತ್ತಿಕಟ್ಟಿ, ಸೊಸೆ ನೀಲಾಳನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. “ಎಷ್ಟೊತ್ತ ಮಾಡ್ದಿ ಅಕ್ಕಾ! ಕರೀಲಿ ಅಂತ ಕುಂತು ಕುಂತು ಸಾಕಾತು.”

ಬಂದವಳೇ ಅನ್ನಪೂರ್ಣಳ ರಟ್ಟೆ ಹಿಡಿದೆಬ್ಬಿಸಿದಳು. “ಏಳ, ಲಗೂ ನಡಿ. ಧಾರವಾಡದ ಬಸ್ ಹೊಂಡತೈತಿ.”

“ಚಿಗವ್ವಾ, ಇದನ್ನ ನಾ ಯಾವಾಗ ತೀರಸ್ಲಿ?” ಮಗಳು ಬ್ಯಾಗು ಹೆಗಲಿಗೇರಿಸುತ್ತಾ ಕೇಳಿದಳು.

“ತೀರಸಬ್ಯಾಡ. ತೀರಿತಂದ್ರ ನಾಳೆ ಯಾವ ನೆವ ಮಾಡಿ ನಿಮ್ಮನಿಗೆ ಬರ್ಲಿ?”

ಮಗಳು ಕಣ್ಣೊರೆಸಿಕೊಳ್ಳುತ್ತಾ ಓಡಿದಳು. ನೀಲಾ ಇನ್ನಿಬ್ಬರನ್ನು ಕರೆತಂದಳು. ನಾನು ಸುಮ್ಮನೆ ಕೂತು ಅವರ ಬೆರಳುಗಳನ್ನು ನೋಡಿದೆ. ಇಂಥ ನೆರೆ ಸಿಗಲು ನಾನು ಯಾವ ಪುಣ್ಯ ಮಾಡಿದ್ದೆನೋ.

ಕಮಿಟಿಯವರು ಹಳೆಯ ಪ್ರಶ್ನೆಯನ್ನೇ ಕೇಳಿದರಂತೆ: ನಿಮ್ಮ ಓಣಿ ಪೇಟೆಯೂ ಅಲ್ಲ, ಕಂಪನಿಯೂ ಅಲ್ಲ, ಮತ್ತೇನು? ಬರೆದುಕೊಂಡು ಹೋದದ್ದನ್ನು ಮಡಚಿಟ್ಟು ಈಕೆ ಚೌಡವ್ವ ಬಿಟ್ಟುಹೋದ ಚಹಾದ ಕಥೆ ಹೇಳಿದಳಂತೆ. ಇದನ್ನೇ ಮುಂದುವರಿಸಿ ಎಂದು ಒಪ್ಪಿಗೆ ಕೊಟ್ಟರು.

ಅವಳು ವಾಪಸು ಬಂದಾಗ ದೀಪ ಹಚ್ಚುವ ಹೊತ್ತು. ಸೂಡಿಯ ಸೀರೆಗೆ ಕೊಂಡಿ ಮುಗಿದಿತ್ತು. ಚೌಡವ್ವ ಇನ್ನೂ ನಮ್ಮ ಪಡಸಾಲೆಯಲ್ಲೇ ಸೊಂಟ ನೀವಿಕೊಳ್ಳುತ್ತಾ ಕೂತಿದ್ದಳು.

ಅನ್ನಪೂರ್ಣ ಸೀದಾ ಒಳಗೆ ಹೋಗಿ ಚಹಾ ಮಾಡಿ ತಂದು ಆಕೆಯ ಕೈಗಿಟ್ಟಳು. ಚೌಡವ್ವ ಕೊನೆಯ ಗುಟುಕಿನ ತನಕ ಕುಡಿದು ಕಪ್ಪು ಕೆಳಗಿಟ್ಟಳು.

“ನಾಡಿದ್ದ ನಮ್ಮನ್ಯಾಗ ಕೊಂಡಿ ಐತಿ.”

“ಬರ್ತೇನಿ, ಚಿಗವ್ವಾ.”

ಕಣ್ಣಿಗೆ ನೀರು ತಾಗಿಸಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಒಳಗಿನಿಂದಲೇ ಬಂದರೆ ನಾನೇನು ಮಾಡಲಿ?