ಐದಕ್ಷರದ ಸಂಬಂಧ

ಬಸರಾಳಿನ ದೇವಿರಮ್ಮನ ಮನೆಗೆ ಮಳವಳ್ಳಿಯಿಂದ ಹೆಣ್ಣು ನೋಡಲು ಬಂದಿದ್ದರು. ತಾಯಿಯಿಲ್ಲದ ನಯನಳನ್ನು ಕತೆ ಹೇಳಿ, ಮುದ್ದೆ ತಿನ್ನಿಸಿ ಬೆಳೆಸಿದ್ದು ಅಜ್ಜಿ ದೇವಿರಮ್ಮನೇ. ಹಾಗಾಗಿ ಅಪ್ಪ ಪುಟ್ಟರಾಜು ಜಗಲಿಯ ಮೇಲೆ ಕೂತು ತಲೆಯಾಡಿಸುವುದಕ್ಕಷ್ಟೇ ಇದ್ದ. ಸಂಬಂಧ ತಂದವನು ನೆಂಟರ ಪೈಕಿ ಸಿದ್ದರಾಮು.

ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಅಂತ ಇಬ್ಬರನ್ನೂ ಹಿತ್ತಲಿಗೆ ಕಳಿಸಿದರು. ಹುಡುಗ ಸ್ವರೂಪ್ ಮದ್ದೂರಿನ ಹತ್ತಿರ ಒಂದು ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು. ನಯನ ಮಂಡ್ಯದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಷ್ಟು ಹೇಳಿಕೊಳ್ಳುವಷ್ಟರಲ್ಲಿ ಇಬ್ಬರಿಗೂ ಮಾತು ಖಾಲಿಯಾಯಿತು. ನುಗ್ಗೆಮರದ ಕೆಳಗೆ ನಿಂತು ಕೋಳಿಗಳನ್ನು ನೋಡಿದರು. ಕೊನೆಗೆ ಅವನು ಜೇಬಿನಿಂದ ಫೋನು ತೆಗೆದ.

"ಬೆಳಗ್ಗೆಯಿಂದ ಒಂದು ಪದ ಸಿಕ್ತಿಲ್ಲ. ಈ ಆಟ ಗೊತ್ತಾ ನಿಮಗೆ?"

ಗೊತ್ತಿತ್ತು. ದಿನಕ್ಕೊಂದು ಇಂಗ್ಲಿಷ್ ಪದ, ಐದೇ ಅಕ್ಷರ, ಊಹಿಸಲು ಆರೇ ಅವಕಾಶ. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಅದರ ಚೌಕ ಹಸಿರಾಗುತ್ತದೆ, ಪದದಲ್ಲಿದ್ದೂ ಜಾಗ ತಪ್ಪಿದ್ದರೆ ಹಳದಿ, ಇಲ್ಲವೇ ಇಲ್ಲದಿದ್ದರೆ ಬೂದು. ನಯನ ಮಂಡ್ಯದ ಬಸ್ಸಿನಲ್ಲಿ ದಿನಾ ಆಡುತ್ತಿದ್ದಳು.

ಅವನಿಗೆ ಆರ್, ಎ, ಐ, ಎನ್ ನಾಲ್ಕೂ ಹಸಿರಾಗಿದ್ದವು. ಮೊದಲ ಅಕ್ಷರವೊಂದೇ ಬಾಕಿ. ಅವಕಾಶವೂ ಒಂದೇ ಉಳಿದಿತ್ತು.

"ಟ್ರೇನ್ ಹಾಕ್ದೆ, ಅಲ್ಲ. ಡ್ರೇನೂ ಅಲ್ಲ. ಬ್ರೇನ್ ಇರ್ಬೋದಾ?"

"ಇದ್ದಿದ್ರೆ ಇಷ್ಟೊತ್ತಿಗೆ ಸಿಕ್ಕಿರೋದು," ಅಂದುಬಿಟ್ಟು ನಯನ ನಾಲಿಗೆ ಕಚ್ಚಿಕೊಂಡಳು.

ಅವನು ಎಷ್ಟು ಜೋರಾಗಿ ನಕ್ಕನೆಂದರೆ ಕೋಳಿಗಳು ಬೇಲಿಯ ಕಡೆ ಓಡಿದವು.

"ಗ್ರೇನ್ ಹಾಕಿ. ಭತ್ತದ ಸೀಮೇಲಿ ನಿಂತ್ಕೊಂಡು ಅದನ್ನೇ ಮರೆತ್ರಾ?"

ಐದೂ ಚೌಕ ಹಸಿರಾದವು. ಇಬ್ಬರೂ ನಂಬರು ಕೊಟ್ಟುಕೊಂಡರು.

ಅಷ್ಟರಲ್ಲಿ ಸ್ವರೂಪನ ತಾಯಿ ದೇವಿರಮ್ಮನಿದ್ದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಆ ಮನೆಗಳ ಪದ್ಧತಿಯಲ್ಲಿ ಗಂಡಿನವರು ಹೆಣ್ಣಿನ ಮನೆಯಲ್ಲಿ ತಿಂಡಿ ತಿನ್ನಬಹುದು, ಊಟ ಮಾತ್ರ ಮಾಡುವಂತಿಲ್ಲ. ಎಲೆಯ ಮುಂದೆ ಕೂತರೆ ಸಂಬಂಧ ಒಪ್ಪಿದಂತೆಯೇ.

"ಸಾರು ಗಮ್ ಅಂತದಲ್ಲಮ್ಮ. ಅವರೆಕಾಯಾ?"

"ಊಂ ಕಣವ್ವ. ನಮ್ಮೊಲದ್ದೇ."

"ನಮ್ ಕಡೆ ಈ ಸಲ ಸೊಗಡೇ ಇಲ್ಲ," ಎಂದು ಆಕೆ ಅಲ್ಲೇ ನಿಂತಳು.

'ಉಂಡ್ಕೊಂಡೇ ಓಗಿ' ಎಂಬ ಮಾತು ದೇವಿರಮ್ಮನ ಬಾಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಕರೆದರೆ ಈಕೆ ಒಲ್ಲೆ ಅನ್ನಲಾರಳು. ಮನಸ್ಸಿಲ್ಲದಿದ್ದರೂ ದಾಕ್ಷಿಣ್ಯಕ್ಕೆ ಸಿಕ್ಕಿಬೀಳುತ್ತಾಳೆ. ಪಾಪ, ಮನೆಗೆ ಹೋಗಿ ನಿಧಾನವಾಗಿ ಯೋಚನೆ ಮಾಡಲಿ. ಹಾಗಂದುಕೊಂಡು ಒಂದು ಚೀಲದ ತುಂಬ ಅವರೆಕಾಯಿ ತುಂಬಿ ಕೊಟ್ಟಳು.

"ಮನೇಲಿ ಮಾಡ್ಕಳಿ."

ಆಕೆ ಚೀಲವನ್ನೊಮ್ಮೆ, ಒಲೆಯನ್ನೊಮ್ಮೆ ನೋಡಿ, "ಬತ್ತೀವಿ," ಅಂದಳು.

ಮಾರನೆಯ ಬೆಳಗ್ಗೆ ಸ್ವರೂಪನಿಂದ ಆಟದ ಬಣ್ಣದ ಚೌಕಗಳು ಬಂದವು. ನಯನ ತನ್ನದನ್ನು ಕಳಿಸಿದಳು. ಆಮೇಲೆ ಅದೇ ಅಭ್ಯಾಸವಾಯಿತು. 'ಇವತ್ತು ವಿ ಇದೆ, ಹುಷಾರು' ಅಂತ ಅವನು ಬರೆದರೆ, 'ಹೇಳ್ಬೇಡಿ, ನಾನೇ ಹುಡುಕ್ತೀನಿ' ಅಂತ ಇವಳು. ಅದರಾಚೆಗೆ ಒಂದು ಮಾತಿಲ್ಲ. ಅಜ್ಜಿಯ ಕತೆಗಳಲ್ಲಿ ಒಗಟು ಬಿಡಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟೇ ಕೊಡುತ್ತಿದ್ದರು. ಆಮೇಲೆ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು, ಕಬ್ಬಿನ ಗದ್ದೆಗಳ ಮೇಲಿನ ಹಸಿರನ್ನೂ ಚೌಕದ ಹಸಿರನ್ನೂ ಒಟ್ಟಿಗೆ ನೋಡುತ್ತ, ನಯನ ಸೀರೆಯ ಬಣ್ಣವನ್ನು ಕೂಡ ಆರಿಸಿಕೊಂಡಿದ್ದಳು.

"ಒಂದ್ಮಾತು ಕೇಳ್ಬುಡನಾ?" ಎಂದು ಪುಟ್ಟರಾಜು ಒಮ್ಮೆ ಅಂದ.

"ಗಂಡಿನೋರು ಏಳಿಕಳಿಸ್ಬೇಕು ಕಣ್ಲಾ. ನಾವಾಗೇ ಓದ್ರೆ ಹೆಣ್ಣು ಬಾರ ಆಗ್ಯದೆ ಅಂದ್ಕೊತಾರೆ," ಎಂದಳು ದೇವಿರಮ್ಮ.

ಅವರೆ ಕಾಲ ಮುಗಿಯಿತು. ಒಂದು ಭಾನುವಾರ ಸಿದ್ದರಾಮು ಬಂದವನು ನೀರು ಕುಡಿದು ಬಾಯಿ ಒರೆಸಿಕೊಂಡ.

"ಮಳವಳ್ಳಿ ಹುಡುಗಂಗೆ ಬೆಳಕವಾಡಿಲಿ ಹೆಣ್ಣು ಗೊತ್ತಾಯ್ತು ಕಣತ್ತೆ. ನೀವು ಬೇಡ ಅಂದ್ಮೇಲೆ ಅವರೇನ್ ಮಾಡಾರು?"

"ಯಾರ್ಲಾ ಬೇಡ ಅಂದೋರು?"

"ನೀನೇ. ಆಯಮ್ಮ ಒಪ್ಕೊಂಡೇ ಬಂದು ಬಾಗ್ಲಲ್ಲಿ ನಿಂತು ಸಾರು ಕೇಳುದ್ಳಂತೆ. ಎಲೆ ಆಕ್ನಿಲ್ಲ, ಹಸಿಕಾಯಿ ಕಟ್ಟಿ ಕಳಿಸ್ಬುಟ್ರು, ಇನ್ನು ಬಾಯ್ಬುಟ್ಟು ಏಳ್ಬೇಕಾ ಅಂದ್ಳು."

"ಯಾವಾಗಂದ್ಳು?"

"ಅವತ್ತೇ, ವಾಪಸ್ ಓಗ್ತಾ, ಬಸ್ಸಲ್ಲಿ."

"ಅವತ್ತೇ ಗೊತ್ತಾಗಿ ನಂಗ್ಯಾಕೆ ಏಳ್ನಿಲ್ಲ?"

"ನೀನು ಬೇಡ ಅಂದಿದ್ದ ನಿಂಗೇ ಬಂದು ಏನಂತ ಏಳ್ಲಿ? ನೆಂಟಸ್ತನದಲ್ಲಿ ಕೆಟ್ಟ ಮಾತು ನನ್ ಬಾಯಿಂದ್ಯಾಕೆ ಅಂತ ಸುಮ್ಕಾದೆ."

ದೇವಿರಮ್ಮ ಎದ್ದು ಗೂಟದ ಮೇಲಿದ್ದ ಚೀಲಕ್ಕೆ ಕೈ ಹಾಕಿದಳು. "ನಾನು ಮಳವಳ್ಳಿಗೆ ಓಯ್ತೀನಿ. ಆಯಮ್ಮನ ಕಾಲಿಗಾದ್ರೂ ಬೀಳ್ತೀನಿ."

"ಮಾವ, ಆ ಹುಡುಗಿ ಹೆಸರೇನು?" ನಯನ ಕೇಳಿದಳು.

"ಶೋಭಿತಾ. ಒಪ್ಪಿಗೆ ಶಾಸ್ತ್ರ ಆಯ್ತು, ಸೀರೆ ಉಡ್ಸುದ್ರು."

ನಯನ ಅಜ್ಜಿಯ ಕೈಯಿಂದ ಚೀಲ ತೆಗೆದುಕೊಂಡಳು. "ಕೂತ್ಕೊ ಅಜ್ಜಿ. ಸೀರೆ ಉಟ್ಟಾಗ್ಯದೆ ಆ ಹುಡುಗಿ."

ದೇವಿರಮ್ಮ ಕೂತಳು. "ದಿನಾ ಅವನ ಜೊತೆ ಫೋನಲ್ಲಿ ಇದ್ದಲ್ಲವ್ವ. ನೀನಾದ್ರೂ ಕೇಳ್ಬೋದಿತ್ತು," ಅಂದಳು.

"ಅದರಲ್ಲಿ ಮಾತಿರ್ಲಿಲ್ಲ ಅಜ್ಜಿ. ಬರೀ ಬಣ್ಣ."

ಸಂಜೆ ಹಿತ್ತಲಲ್ಲಿ ಪಾತ್ರೆ ತೊಳೆದಿಟ್ಟು ನಯನ ಫೋನು ತೆಗೆದಳು. 'ವಿಷಯ ಗೊತ್ತಾಯ್ತು. ಒಳ್ಳೇದಾಗ್ಲಿ,' ಎಂದು ಬರೆದಳು.

ಉತ್ತರ ತಕ್ಷಣ ಬಂತು, ಕಾಯುತ್ತಿದ್ದವನ ಹಾಗೆ. 'ಥ್ಯಾಂಕ್ಸ್. ನಿಮ್ ಮನೇಲಿ ಬೇಡ ಅಂದ್ಮೇಲೂ ನೀವು ದಿನಾ ಕಳಿಸ್ತಿದ್ರಿ. ಯಾಕೆ ಅಂತ ಕೇಳೋಕೆ ನಂಗೆ ಧೈರ್ಯ ಬರ್ಲಿಲ್ಲ.'

ನಯನ ಎಲ್ಲವನ್ನೂ ಬರೆದಳು. ಸಾರು, ಎಲೆ, ಅಜ್ಜಿ ನುಂಗಿಕೊಂಡ ಮಾತು. ಬೆಳಕವಾಡಿಯಲ್ಲಿ ಮುಖ ಕಾಣದ ಒಬ್ಬಳು ಹೊಸ ಸೀರೆಯ ಮಡಿಕೆ ಬಿಚ್ಚಿ ನೋಡಿಕೊಳ್ಳುತ್ತಿರಬಹುದು ಅನ್ನಿಸಿತು. ಬರೆದದ್ದನ್ನೆಲ್ಲ ಅಳಿಸಿದಳು.

'ಆಟ ಅಲ್ವಾ, ಅದಕ್ಕೆ,' ಎಂದು ಕಳಿಸಿದಳು.

'ಹೌದು,' ಅಂತ ಬಂತು. ಸ್ವಲ್ಪ ತಡವಾಗಿ.

"ಏನಂದ್ನವ್ವ?" ಒಳಗಿನಿಂದ ಅಜ್ಜಿಯ ದನಿ ಕೇಳಿತು.

"ಏನಿಲ್ಲ ಅಜ್ಜಿ. ಅವನಿಗೂ ನಾನು ಅಷ್ಟೇನೂ ಇಷ್ಟ ಆಗಿರ್ಲಿಲ್ಲವಂತೆ."

ಒಳಗೆ ದೇವಿರಮ್ಮ ನಿರಾಳವಾಗಿ ಉಸಿರು ಬಿಟ್ಟದ್ದು ಹಿತ್ತಲಿನವರೆಗೂ ಕೇಳಿಸಿತು.