ಕಿವಿ ಬಿಟ್ಟ ಗಂಟು

ಗಂಧ ಕರಗಿ ಇಳಿಯುತ್ತಿದೆ, ಮಗುವಿನ ಬೋಳುತಲೆಯಿಂದ ಹಣೆಗೆ, ಹಣೆಯಿಂದ ರೆಪ್ಪೆಗೆ, ಬಿದ್ದದ್ದು ನಾಲ್ಕು ಹನಿ ಮಳೆ, ಅಷ್ಟಕ್ಕೇ — ತೆಪ್ಪ ಇನ್ನೂ ಹೊಳೆಯ ನಡುವಿಗೆ ಬಂದಿಲ್ಲ, ಹೊಂಬಾಳಮ್ಮ ಮೊಮ್ಮಗನ ತಲೆಗೆ ಸೆರಗು ಹೊದಿಸಿ ಎದುರಿಗೆ ನೋಡಿದಳು, ಹುಟ್ಟು ಹಾಕುತ್ತಿದ್ದ ಚಲುವರಾಜು ನೀರನ್ನು ನೋಡುತ್ತಿದ್ದ, ಸೊಸೆ ಕುಸುಮ ಅವನನ್ನು ನೋಡುತ್ತಿದ್ದಳು, ಇಲ್ಲ, ಅವಳು ಮೋಡವನ್ನು ನೋಡುತ್ತಿದ್ದಳೇನೋ, ಮೋಡ ಅವನ ಬೆನ್ನ ಹಿಂದೆಯೇ ಕವಿದಿತ್ತಲ್ಲ, ನೋಡುವವರಿಗೆ ನೆಪಕ್ಕೇನು ಬರವೇ. ಬಸ್ಸಿಗೆ ಹೋಗೋಣ ಅಂದರೆ ಬಸ್ಸು ಸುತ್ತಾಕ್ಕೊಂಡು ಓಯ್ತದೆ ಕಣವ್ವ, ಮಕ್ಕಳು ಸೋತೋಗವೆ, ನನ್ ತೆಪ್ಪ ಅದೆಯಲ್ಲ ಅಂದವನು ಅವನು, ತೆಪ್ಪವೇ ಆಗಲಿ ಎಂದು ತಟ್ಟನೆ ಒಪ್ಪಿದವಳು ಅವಳು, ಅತ್ತೆಯನ್ನು ಒಂದು ಮಾತು ಕೇಳಿದಳೇ. ಮಗ ನಿಂಗರಾಜು ಇದ್ದಾಗ ಈ ಚಲುವ ಮನೆಯವನ ಹಾಗೇ ಇದ್ದ, ಕಬ್ಬು ಕಡಿಯುವಾಗ ಬಂದ, ಎತ್ತು ಕಾಲು ಮುರಿದುಕೊಂಡಾಗ ಬಂದ, ನಿಡಘಟ್ಟದ ಹತ್ತಿರ ಲಾರಿ ನಿಂಗರಾಜುವಿನ ಬೈಕಿಗೆ ಗುದ್ದಿದ ಸಂಜೆ ಮೊದಲು ಬಂದವನೂ ಅವನೇ, ಬಾಗಿಲಲ್ಲಿ ನಿಂತು ತಲೆಗೆ ಸುತ್ತಿದ್ದ ಕೆಂಪು ಟವಲು ಬಿಚ್ಚಿದ — ಆಗ ಅವನ ಮೇಲೆ ಯಾವ ಗುಮಾನಿಯೂ ಇರಲಿಲ್ಲ, ಅದು ಹೋದ ವರ್ಷದ ಮಾತು, ಈಗ ಬಂದರೆ ಜಗಲಿಯಲ್ಲೇ ಕೂರುತ್ತಾನೆ, ಮೊದಲು ಅಡುಗೆಮನೆಯವರೆಗೂ ಬರುತ್ತಿದ್ದವನಿಗೆ ಈಗೇಕೆ ಈ ನಾಚಿಕೆ, ಚಲುವಣ್ಣ ಚಲುವಣ್ಣ ಅನ್ನುತ್ತಿದ್ದವಳು ಈಗ ಬರೀ ನೋಡಿ ಅನ್ನುತ್ತಾಳೆ, ಅಣ್ಣ ಎಲ್ಲಿ ಹೋದ, ಅವನೂ ಲಾರಿಗೆ ಸಿಕ್ಕಿದನೇ.

ಅದಕ್ಕೇ ಬೆಳಿಗ್ಗೆ ಮನೆದೇವರ ಗುಡಿಯ ಮುಂದೆ ಹೊಂಬಾಳಮ್ಮ ಬೇಕೆಂದೇ ಕೇಳಿದಳು. ಮುಡಿ ತೆಗೆಸುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಕುಸುಮಳಿಗೆ ಒಡಹುಟ್ಟಿದವರಿಲ್ಲ, ನೀನೇ ಕೂತ್ಕಳಪ್ಪ ಚಲುವ, ಅಣ್ಣನಂಗಿದ್ದೀಯ, ಕ್ಷೌರದವನು ಕತ್ತಿ ಮಸೆಯುತ್ತ ಬಿರ್ರನೆ ಬಾರಪ್ಪ ಮಾವ, ಕೂಸು ಅಳೋಕೆ ಮುಂಚೆ ಅಂತ ನಕ್ಕ, ದೇವರ ಮುಂದೆ ಒಂದು ಸಲ ಮಾವನಾಗಿ ಕೂತವನು ಆಮೇಲೆ ಆ ಹೆಣ್ಣಿಗೆ ಅಣ್ಣನೇ, ಬೇರೇನೂ ಆಗುವಂತಿಲ್ಲ, ಅದು ಅವನಿಗೂ ಗೊತ್ತು, ಹೆಬ್ಬೆರಳಿಂದ ಮಣ್ಣು ಕೆದಕಿದ, ಬ್ಯಾಡ ಕಣವ್ವ, ನಂಗೆ ಒಗ್ಗಾಕಿಲ್ಲ, ಬ್ಯಾರೆ ಯಾರಾದ್ರೂ ಕೂತ್ಕಳ್ಳಿ. ಕುಸುಮ ತಲೆ ಎತ್ತಲಿಲ್ಲ. ಪೂಜಾರಿಯ ಕಡೆಯ ಮುದುಕನೊಬ್ಬ ಕೂತ, ಮುಡಿ ಇಳಿಯಿತು, ಗಂಧ ಬಳಿದರು, ಹೊಂಬಾಳಮ್ಮನ ಎದೆಯಲ್ಲಿ ಮಾತ್ರ ಕತ್ತಿ ಇನ್ನೂ ಆಡುತ್ತಲೇ ಇದೆ — ಹೋಗಲಿ, ಸೊಸೆ ಹೋಗಲಿ, ವಯಸ್ಸಿನ ಹೆಣ್ಣು, ಆದರೆ ಅವಳು ಹೋದರೆ ಇವೂ ಹೋಗುತ್ತವಲ್ಲ, ಏಳರ ಅರ್ಪಿತ, ಮೂರರ ಈ ಗಗನ, ನಿಂಗರಾಜುವಿನ ಮೂಗು, ನಿಂಗರಾಜುವಿನ ನಡಿಗೆ, ಇನ್ನೊಬ್ಬನ ಅಂಗಳದಲ್ಲಿ. ಈಗ ಹೊರಡುವಾಗ ಚಲುವ ಗೂಟದಿಂದ ತೆಪ್ಪದ ಹಗ್ಗ ಬಿಚ್ಚಿದ ರೀತಿಯನ್ನೂ ನೋಡಿದಳು, ಗಂಟಿನಿಂದ ಮೊಲದ ಕಿವಿಯ ಹಾಗೆ ಒಂದು ಮಡಿಕೆ ಹೊರಗೆ ಬಿಟ್ಟಿದ್ದ, ಆ ಕಿವಿ ಹಿಡಿದು ಒಂದು ಸಲ ಎಳೆದ, ಗಂಟು ಇತ್ತೋ ಇಲ್ಲವೋ ಅನ್ನುವಂತೆ ಬಿಟ್ಟುಕೊಂಡಿತು, ಇದೂ ಒಂದು ಗಂಟೇ, ನಿಂಗರಾಜು ಹಾಕಿದರೆ ಕಗ್ಗಂಟು, ಎತ್ತಿನ ಹಗ್ಗಕ್ಕೂ ಕಗ್ಗಂಟು, ಭತ್ತದ ಮೂಟೆಗೂ ಕಗ್ಗಂಟು, ಬಿಚ್ಚಲಾಗದೆ ಕುಸುಮ ಹಲ್ಲು ಹಾಕಿ ಬಯ್ಯುತ್ತಿದ್ದಳು, ಬೈದು ನಗುತ್ತಿದ್ದಳು.

ಗಾಳಿ ಎಲ್ಲಿತ್ತೋ, ದಡದ ಹೊಂಗೆ ಮರಗಳ ಎಲೆಗಳು ಒಂದೇ ಸಲ ಬೆಳ್ಳಗೆ ಮಗುಚಿಕೊಂಡವು, ಆಮೇಲೆ ದಡವೇ ಕಾಣಲಿಲ್ಲ, ಮೊರದಲ್ಲಿ ಕಾಳು ಕೇರಿದಂತೆ ತೆಪ್ಪ ಅವರನ್ನೆಲ್ಲ ಕೇರತೊಡಗಿತು, ಅವ್ವಾ ಮಕ್ಕಳ್ನ ನಡುಕ್ಕೆ ಕರ್ಕೊ ಅಂತ ಚಲುವರಾಜು ಕೂಗಿದ, ನಡುವೆ ಅಂದರೆ ಅವನ ಕಾಲ ಬುಡಕ್ಕೆ, ಈಗಿಂದಲೇ ಹತ್ತಿರ ಎಳೆದುಕೊಳ್ಳುತ್ತಾನೆ, ಹೊಂಬಾಳಮ್ಮ ಎರಡು ಮಕ್ಕಳನ್ನೂ ತಬ್ಬಿ ಹಿಂದಕ್ಕೆ, ಅಂಚಿಗೆ, ಇನ್ನೂ ಹಿಂದಕ್ಕೆ ಜರುಗಿದಳು — ಅಂಚು ಬಾಗಿತು, ನೀರು ನಾಲಿಗೆ ಚಾಚಿ ಒಳಗೆ ಬಂತು, ತಣ್ಣಗೆ, ಸೊಂಟದವರೆಗೆ, ಮಾದಪ್ಪ, ನನ್ನಪ್ಪ, ತಂದೆಯಿಲ್ಲದ ಕೂಸುಗಳು, ನಾನು ಜರುಗಿದ್ದಕ್ಕೆ ಅವನ್ನು ತಗೊಬ್ಯಾಡ, ಕುಸುಮ ಅಂಬೆಗಾಲಲ್ಲಿ ಆ ಕಡೆಗೆ ಹೋಗಿ ಅವನ ಪಕ್ಕದಲ್ಲಿ ಕೂತುಬಿಟ್ಟಳು, ತೆಪ್ಪ ಸಮವಾಯಿತು, ಭಾರಕ್ಕೆ ಕೂತಳೋ, ಕೂರುವುದಕ್ಕೆ ಭಾರದ ನೆಪವೋ, ಇಂಥ ಹೊತ್ತಲ್ಲಿ ಇಂಥ ಯೋಚನೆಯೇ ಮುದುಕಿ, ಆದರೂ ಕೂತಳಲ್ಲ, ಕೇಳದೆ, ಅವನು ಕರೆಯದೆ, ಅಲ್ಲಿ ಅವಳಿಗೊಂದು ಜಾಗ ಮೊದಲೇ ಇದ್ದಂತೆ. ಅರ್ಪಿತ ತೀರ್ಥದ ತಂಬಿಗೆಯಿಂದ ನೀರು ಮೊಗೆದು ಮೊಗೆದು ಚೆಲ್ಲುತ್ತಿದ್ದಳು, ಅಜ್ಜಿ, ತೀರ್ಥನೆಲ್ಲ ವೊಳೆಗೆ ಉಯ್ದುಬುಟ್ಟೆ, ಬೈಬ್ಯಾಡ, ಹಲ್ಲು ಕಟಕಟ ಅನ್ನುತ್ತ, ಬೈಯಾಕಿಲ್ಲ ಕಣವ್ವ, ಉಯ್ಯಿ, ಗಗನ ತೊಡೆಯಿಂದ ಜಾರುತ್ತಿದೆ, ಮುದಿ ಕೈ ನಿಲ್ಲುತ್ತಿಲ್ಲ, ಬೋಳುತಲೆ ಮೀನಿನ ಹಾಗೆ ನುಣುಪು, ಜಾರಿತು, ಕಾಲೊಂದು ಸಿಕ್ಕಿತು, ಕುಸುಮ ಚಲುವರಾಜುವಿನ ತಲೆಯ ಟವಲನ್ನು ಕಿತ್ತುಕೊಂಡು — ಕೊಡಿ ಅನ್ನಲೂ ಇಲ್ಲ — ನಡುವಿನವರೆಗೆ ತೆವಳಿ ಬಂದು, ಮಗುವನ್ನು ಅತ್ತೆಯ ಹೊಟ್ಟೆಗೆ ಅವುಚಿ, ಬೆನ್ನಿಗೆ ಸುತ್ತಿ, ಮುಂದೆ ಬಿಗಿದಳು, ಗಂಟಿನತ್ತ ನೋಡಲೂ ಇಲ್ಲ ಅವಳು, ದಡ ಸೇರಿದ್ ಮ್ಯಾಲೆ ಈ ತುದಿ ಎಳೀರಿ ಅತ್ತೆ, ಬುಟ್ಕತದೆ, ಅಲ್ಲೀಗಂಟ ಬುಡಾಕಿಲ್ಲ. ಮತ್ತೆ ಆ ಕಡೆಗೆ ಹೋದಳು. ಅಲೆ ಬಂತು, ಹೋಯಿತು, ಇನ್ನೊಂದು ಬಂತು, ಮಗು ಹೊಟ್ಟೆಯಿಂದ ಒಂದು ಬೆರಳೂ ಅಲುಗಲಿಲ್ಲ.

ಮರಳು. ಕಾಲ ಕೆಳಗೆ ಮರಳು, ಮಳೆ ಕಡಿಮೆಯಾಗಿದೆ, ಅರ್ಪಿತ ತಂಬಿಗೆಯನ್ನು ಬಿಟ್ಟಿಲ್ಲ, ಚಲುವರಾಜು ತೆಪ್ಪವನ್ನು ಎಳೆದು ಅತ್ತಿಮರದ ಬೇರಿಗೆ ಹಗ್ಗ ಸುತ್ತುತ್ತಿದ್ದಾನೆ, ಅವನ ಅಂಗೈ ಸುಲಿದು ರಕ್ತ ಬಂದಿದೆ, ಹೊಂಬಾಳಮ್ಮ ರಕ್ತವನ್ನು ನೋಡಲಿಲ್ಲ, ಗಂಟನ್ನು ನೋಡಿದಳು, ಎರಡು ಸುತ್ತು, ಒಂದು ಮಡಿಕೆ, ಒಳಗೆ ತೂರಿಸಿ, ಹೊರಗೆ ಒಂದು ಕಿವಿ. ಮೆಲ್ಲಗೆ ತನ್ನ ಹೊಟ್ಟೆಯ ಮೇಲಕ್ಕೆ ನೋಡಿದಳು. ಕೆಂಪು ಟವಲು, ಎರಡು ಸುತ್ತು, ಹೊರಗೆ ಒಂದು ಕಿವಿ. ನಮ್ಮ ಮನೆಯಲ್ಲಿ ಈ ಗಂಟು ಯಾರೂ ಹಾಕುವುದಿಲ್ಲ. ಇದು ಒಂದು ದಿನ ನೋಡಿ ಕಲಿಯುವ ಗಂಟಲ್ಲ, ಕತ್ತಲು, ಮಳೆ, ಒದ್ದೆ ಬಟ್ಟೆ, ಕಣ್ಣು ಹಾಕದೆ ಕೈಯೇ ಕಟ್ಟಿತಲ್ಲ, ಎಷ್ಟು ಸಂಜೆ, ಯಾವ ಜಗಲಿ, ಹಗ್ಗದ ಈ ತುದಿ ಅವನು, ಆ ತುದಿ ಅವಳು, ನಾನು ಒಳಗೆ ದೀಪ ಹಚ್ಚಿ ದೇವರ ಹೆಸರು ಹೇಳುತ್ತಿದ್ದಾಗ — ಬುಡಿಸ್ಲಾ ಅತ್ತೆ, ಕುಸುಮ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕೇಳುತ್ತಿದ್ದಾಳೆ, ಬ್ಯಾಡ ಬುಡು, ಕೂಸು ಮಲಗ್ಯದೆ. ಮಲಗಿದೆ, ಬಾಯಿ ತೆರೆದು, ಅಪ್ಪನ ಹಾಗೆ, ಗಂಧವೆಲ್ಲ ಹೊಳೆಪಾಲಾಗಿ ತಲೆ ಬರೀ ತಲೆಯಾಗಿದೆ, ಉಸಿರು ಬೆಚ್ಚಗೆ ಹೊಟ್ಟೆಗೆ ತಾಗುತ್ತಿದೆ, ಎಳೆದರೆ ಸಾಕು, ಒಂದು ಸಲ, ಇತ್ತೋ ಇಲ್ಲವೋ ಅನ್ನುವಂತೆ ಬಿಟ್ಟುಕೊಳ್ಳುತ್ತದೆ, ಬೆರಳು ಅಲ್ಲಿಗೆ ಹೋಗಿದೆ, ಅಲ್ಲೇ ಇದೆ, ಎರಡು ಬೆರಳ ನಡುವೆ ಒದ್ದೆ ಕಿವಿ, ಕೆಂಪು, ಮಡಿಸಿದ ಕಿವಿ, ಹಿಡಿದಿದ್ದಾಳೆ, ಎಳೆದಿಲ್ಲ.