ಪೆದ್ರೇಶ್ ಕೋಳಿಯ ಇಂಗ್ಲಿಷ್ ಹೆಸರು

ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವ ಯೋಗೀಶನಿಗೆ ಪೋರ್ಚುಗಲ್ಲಿನಿಂದ ಮಕ್ಕಳ ಪ್ಯಾಂಟಿನ ಆರ್ಡರು ಬಂತು. ಜೇಬಿನ ಮೇಲೆ ಕೋಳಿಯ ಕಸೂತಿ, ಕೆಳಗೆ ಇಂಗ್ಲಿಷಿನಲ್ಲಿ ಅದರ ಹೆಸರು. ಆದರೆ ಹನ್ನೊಂದು ಕೋಳಿತಳಿಗಳ ಪಟ್ಟಿ ಪೋರ್ಚುಗೀಸಿನಲ್ಲಿತ್ತು, ಚಿತ್ರಗಳನ್ನು ನೀವೇ ಬರೆಸಿ ಎಂದಿದ್ದರು. ಯೋಗೀಶ ಫೋನಿನಲ್ಲಿ ಹುಡುಕಿದರೆ ಮೊದಲನೆಯ ಹೆಸರಿಗೇ ಅದು ‘ಕಲ್ಲು’ ಎಂದಿತು.

ಕಂಪ್ಯೂಟರಿನ ಮುಂದಿದ್ದ ಕೆಲಸದ ಹುಡುಗಿ ಭುವನಾ ಪಟ್ಟಿಯನ್ನು ಜೋರಾಗಿ ಓದಿದಳು. “ಪೆಡ್ರೆಸ್.”

ಹಿಂದೆ ಕೂತು ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದ ಹಂಪಕ್ಕ ತಲೆ ಎತ್ತಿದಳು. “ಪೆದ್ರೇಶ್ ಅನ್ನವ್ವ. ಆ ಕೋಳಿ ನನಗ ಗೊತ್ತೈತಿ.”

ಗುಮ್ಮಘಟ್ಟದ ಹಂಪಕ್ಕ ಮದುವೆಯಾದ ವರ್ಷವೇ ಗಂಡನ ಜೊತೆ ದುಡಿಯಲು ಗೋವಾಕ್ಕೆ ಹೋದವಳು. ಹದಿನೆಂಟು ವರ್ಷ ಮಡಗಾಂವಿನ ಒಬ್ಬ ಮುದುಕಿಯ ಮನೆಯಲ್ಲಿ ಕಸಮುಸುರೆ ಮಾಡಿದ್ದಳು. ಮುದುಕಿ ಆಳುಗಳ ಹತ್ತಿರ ಕೊಂಕಣಿ, ಕೋಳಿಗಳ ಹತ್ತಿರ ಪೋರ್ಚುಗೀಸು ಮಾತಾಡುತ್ತಿದ್ದಳು. ಹಂಪಕ್ಕನಿಗೆ ಆ ಭಾಷೆಯ ಒಂದಕ್ಷರ ಓದಲು ಬರದು. ಆದರೆ ಕೋಳಿಗೂಡಿನ ಮಟ್ಟಿಗೆ ಅವಳಿಗೆ ತಿಳಿಯದ ಮಾತಿರಲಿಲ್ಲ.

“ಬೂದಿ ಬಣ್ಣ, ಗರಿಗೆಲ್ಲ ಅಡ್ಡಡ್ಡ ಗೀರು,” ಎಂದಳು.

ಭುವನಾ ಇಂಟರ್ನೆಟ್ಟಿನಲ್ಲಿ ಇಂಗ್ಲಿಷಿನವರು ಕೋಳಿಗಳ ಬಗ್ಗೆ ಮಾಡಿದ್ದ ಪುಟಗಳನ್ನು ತೆಗೆದಳು. ಹಂಪಕ್ಕ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಮೂರನೆಯ ಚಿತ್ರಕ್ಕೆ ಬೆರಳಿಟ್ಟಳು. ಅದರ ಕೆಳಗೆ ‘ಬಾರ್ಡ್’, ಅಂದರೆ ಅಡ್ಡಪಟ್ಟೆಯದು, ಎಂದಿತ್ತು. ಭುವನಾ ಬರೆದುಕೊಂಡಳು.

ಮುಂದಿನದು ಅಮಾರೆಲಾ. “ಅದು ಯೆಲ್ಲೋ. ಫೋನೂ ಅದನ್ನೇ ಹೇಳ್ತೈತಿ,” ಎಂದ ಯೋಗೀಶ.

“ಮಾತಿನ ಅರ್ಥ ಅದೇ ರಿ, ಸಾಹುಕಾರ್ರ. ಆದ್ರ ಅರಿಶಿಣದಂಥ ಕೋಳಿ ಎಲ್ಲಿ ನೋಡೀರಿ? ಹೊಸ ಬೆಲ್ಲದ ಬಣ್ಣ ಇರ್ತೈತಿ ಅದು.”

ಬೆಲ್ಲದ ಬಣ್ಣಕ್ಕೆ ಕೋಳಿ ಸಾಕುವವರ ಇಂಗ್ಲಿಷಿನಲ್ಲಿ ‘ಬಫ್’ ಎಂಬ ಮಾತು ಸಿಕ್ಕಿತು. ಯೋಗೀಶ ಹಳದಿ ದಾರದ ಡಬ್ಬವನ್ನು ಎತ್ತಿ ಕಪಾಟಿಗಿಟ್ಟ.

ಕೊನೆಯದಕ್ಕೆ ಮಾತ್ರ ಅವನು ಪಟ್ಟು ಹಿಡಿದ. ಪಿಶ್ಕೋಸು ಪೆಲಾದು ಎಂದರೆ ಕುತ್ತಿಗೆಗೆ ಗರಿಯೇ ಇಲ್ಲದ ಕೋಳಿ. ಇಂಗ್ಲಿಷಿನಲ್ಲಿ ‘ನೇಕೆಡ್ ನೆಕ್’.

“ಮಕ್ಕಳ ಪ್ಯಾಂಟಿನ ಮ್ಯಾಲ ಬೆತ್ತಲೆ ಅಂತ ಹಾಕೋದಾ? ಬ್ಯಾಡ್ರಿ ಹಂಪಕ್ಕ.”

“ಕೋಳಿಗೇ ನಾಚಿಕಿಲ್ಲ, ನಮಗ ಯಾಕ್ರಿ? ಹೆಸರು ಇದ್ದಂಗ ಹಾಕ್ರಿ. ಬೇರೆ ಹಾಕಿದ್ರ ಅದು ಬೇರೆ ಕೋಳಿ ಆಗ್ತೈತಿ.”

ಭುವನಾ ಕಿಸಕ್ಕನೆ ನಕ್ಕಳು. ಯೋಗೀಶನೂ ನಕ್ಕು, ಆಯಿತೆಂದು ಕೈಬೀಸಿದ.

ಪಟ್ಟಿ ಹೋದ ಮೂರನೆಯ ದಿನ ಉತ್ತರ ಬಂತು. ಹನ್ನೊಂದು ಹೆಸರಿನಲ್ಲಿ ಒಂದನ್ನೂ ತಿದ್ದಿರಲಿಲ್ಲ. ನಿಮ್ಮಲ್ಲಿ ಪೋರ್ಚುಗೀಸು ಬಲ್ಲವರು ಯಾರು ಎಂದು ಕೇಳಿದ್ದರು. ಯೋಗೀಶ ಹಂಪಕ್ಕನ ಹೆಸರನ್ನೂ ಭುವನಾಳ ಹೆಸರನ್ನೂ ಬರೆದು ಕಳಿಸಿದ.

ಮುಂದಿನ ಆರ್ಡರಿನಲ್ಲಿ ಬಾತುಕೋಳಿಗಳು ಬಂದವು.

“ಅಕ್ಕಾ, ಆ ಅಜ್ಜಿ ಮನ್ಯಾಗ ಬಾತು ಇದ್ವಾ?” ಎಂದು ಕೇಳಿದಳು ಭುವನಾ.

“ಇರಲಿಲ್ಲ,” ಎಂದಳು ಹಂಪಕ್ಕ, ಕುರ್ಚಿ ಎಳೆದುಕೊಳ್ಳುತ್ತಾ. “ಗರಿ ಅಂದ್ರ ಗರೀನೇ ಅಲ್ಲೇನು? ಓದವ್ವ.”